ಮೇವು ಇರೋದು ಇಷ್ಟೇ: ಎರೆಭೂತದ ಪ್ರಕರಣ

ಸಿರುಗುಪ್ಪ ಕಡೆ ನಮ್ಮ ಸೋದರಮಾವನ ಹೊಲ ಇದೆ, ಎರೆ ಹೊಲ, ಕಾಲುವೆ ನೀರು ಹತ್ತದ ಜಾಗ. ಹಿಂಗಾರಿಗೆ ಅರ್ಧ ಕಡಲೆ ಅರ್ಧ ಬಿಳಿಜೋಳ ಹಾಕ್ತಾರೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಹೋಗಿದ್ದಾಗ ಬೆಳಗಿನ ಜಾವ ಮಾವ ನನ್ನ ಎಬ್ಬಿಸಿ, ಯಾಕೆ ಏನು ಅಂತ ಹೇಳ್ದೆ ಬೈಕಲ್ಲಿ ಕೂರಿಸ್ಕೊಂಡು ಹೊರಟ್ರು. ಹೊಲದ ಬದುವಿನ ಹತ್ರ ಬೈಕ್ ನಿಲ್ಸಿ, ಕೂತ್ಕೋ ಅಂತ ಕೈ ಸನ್ನೆ ಮಾಡಿದ್ರು. ಕಡಲೆ ಎಲೆ ಮೇಲೆ ಇಬ್ಬನಿ, ಪ್ಯಾಂಟ್ ಎಲ್ಲಾ ಹುಳಿ ಹುಳಿ ಒದ್ದೆ. ಸ್ವಲ್ಪ ಹೊತ್ತು ಏನೂ ಕಾಣ್ಲಿಲ್ಲ. ಆಮೇಲೆ ದೂರದಲ್ಲಿ ಯಾರೋ ಬಿಳಿ ಟವೆಲ್ ಸುತ್ಕೊಂಡು ಕೂತಿದಾರೆ ಅನ್ಸ್ತು, ನೋಡ್ತಾ ನೋಡ್ತಾ ಆ ಟವೆಲ್ ನಡೆಯೋಕೆ ಶುರು ಮಾಡ್ತು.

ಅದು ಎರೆಭೂತ. ಕೆಲವರು ಎರ್ಲಡ್ಡು ಅಂತಾರೆ, ಪೇಪರ್‌ನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತ ಬರುತ್ತೆ, ಜಿಐಬಿ ಅಂತಾನೂ ಬರೀತಾರೆ. ಹತ್ತತ್ರ ಒಂದು ಮೀಟರ್ ಎತ್ತರ, ಬಿಳಿ ಕುತ್ತಿಗೆ, ತಲೆ ಮೇಲೆ ಟೋಪಿ ಇಟ್ಟಂಗೆ ಕಪ್ಪು, ಬೆನ್ನು ಮಾತ್ರ ಮಣ್ಣಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದಂಥ ಕಂದು. ಎರಡು ಹೆಜ್ಜೆ ಇಡುತ್ತೆ, ನಿಲ್ಲುತ್ತೆ, ಕತ್ತು ಎತ್ತುತ್ತೆ, ಸಾಲಿನ ಮಧ್ಯದಿಂದ ಏನೋ ಒಂದು ಹುಳ ಹೆಕ್ಕುತ್ತೆ, ಮತ್ತೆ ಎರಡು ಹೆಜ್ಜೆ. ಹತ್ತು ನಿಮಿಷ ಹಿಂಗೇ ನಡೀತು. ಕೊನೆಗೆ ಯಾವುದೋ ನಾಯಿ ಬೊಗಳಿದ್ದಕ್ಕೆ ಓಡಿ ಓಡಿ ರೆಕ್ಕೆ ಬಿಚ್ಚಿ ಎದ್ದಿತು, ಆ ಭಾರದ ದೇಹ ಮೇಲೇಳೋದು ನೋಡಿದ್ರೆ ಲೋಡ್ ತುಂಬಿದ ಗಾಡಿ ಏರು ಹತ್ತಿದ ಹಾಗೆ. ನೇರ ಹೊಲದಾಚೆಯ ಕರೆಂಟ್ ಲೈನ್ ಕಡೆಗೇ ಹೋಯ್ತು. ತಂತಿ ಮೇಲೆ ಒಂದು ಗೇಣೋ ಎರಡು ಗೇಣೋ ಅಂತರದಲ್ಲಿ ದಾಟ್ತು. ಮಾವ ನನ್ನ ಮುಂಗೈ ಹಿಡ್ಕೊಂಡಿದ್ದು ಆಗಲೇ ಗೊತ್ತಾಗಿದ್ದು ನನಗೆ, ಅಷ್ಟು ಬಿಗಿಯಾಗಿ ಹಿಡಿದಿದ್ರು.

ವಾಪಸ್ ಬರ್ತಾ ಮಾವ ಎರಡು ಮಾತು ಹೇಳಿದ್ರು. ಒಂದು, "ನೋಡಿದ್ಯಲ್ಲ ಅಳಿಯಾ, ಆಯ್ತು. ಊರಾಗ ಯಾರು ಕೇಳಿದ್ರೂ ಕಂಡಿಲ್ಲ ಅನ್ನು. ಹಕ್ಕಿ ಐತೆ ಅಂತ ಗೊತ್ತಾದ್ರೆ ನಾಳೆ ಹೊಲ ನಮ್ದು ಅಂತ ಫಾರೆಸ್ಟ್‌ನೋರು ಬಂದು ಕುಂತ್ರೆ ಯಾರಿಗೆ ಹೇಳೋದು?" ಇನ್ನೊಂದು, ಮನೆ ಹತ್ರ ಬಂದ್ಮೇಲೆ, "ಅಲ್ಲ, ಇದಕ್ಕೆ ಕೋಟಿಗಟ್ಟಲೆ ಸುರೀತಾರಂತೆ. ಅಷ್ಟು ದುಡ್ಡಲ್ಲಿ ಬ್ಯಾರೆ ಎಷ್ಟು ಪ್ರಾಣಿ ಉಳೀತಿದ್ವೋ ಏನೋ. ಇದೇ ಯಾಕೆ?"

ನನಗೆ ಅವತ್ತು ಉತ್ತರ ಬರ್ಲಿಲ್ಲ. ಹಕ್ಕಿ ಚೆನ್ನಾಗಿದೆ ಮಾವಾ, ಅಪರೂಪ ಮಾವಾ ಅಂದೆ, ಅವರು ಸುಮ್ನೆ ಹ್ಞೂಂ ಅಂದ್ರು. ಆಮೇಲೆ ಎರಡು ವರ್ಷ ಸಿಕ್ಕಿದ್ದೆಲ್ಲ ಓದಿದೀನಿ, ಹಕ್ಕಿ ನೋಡೋ ಗೆಳೆಯರ ಹತ್ರ ಜಗಳ ಆಡಿದೀನಿ. ಅವರ ಎರಡು ಪ್ರಶ್ನೆಯೂ ಒಂದೇ ಪ್ರಕರಣದ ಎರಡು ಮುಖ ಅನ್ನೋದು ಈಗ ಗೊತ್ತಾಗಿದೆ. ಅದನ್ನ ಪೂರ್ತಿ ಬರೀತೀನಿ.

ಮೊದಲು ಪರಿಸ್ಥಿತಿ ಏನು ಅಂತ ನೋಡೋಣ. 1969 ರಲ್ಲಿ ದೇಶದಲ್ಲಿ ಈ ಹಕ್ಕಿ ಸುಮಾರು 1,260 ಇರಬಹುದು ಅಂತ ಅಂದಾಜು ಮಾಡಿದ್ರು. 2008 ಕ್ಕೆ ಅದು ಸುಮಾರು 300, 2018 ರ ಹೊತ್ತಿಗೆ ಸುಮಾರು 150. 2011 ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಇದನ್ನ ತೀವ್ರ ಅಪಾಯದ ಪಟ್ಟಿಗೆ ಹಾಕ್ತು, ಅಂದ್ರೆ ಕಾಡಲ್ಲಿ ಅಳಿದು ಹೋಗೋದಕ್ಕೆ ಒಂದೇ ಮೆಟ್ಟಿಲು ಹಿಂದಿನ ಸಾಲು. ಉಳಿದಿರೋದ್ರಲ್ಲಿ ಹೆಚ್ಚು ಕಮ್ಮಿ ಎಲ್ಲವೂ ರಾಜಸ್ಥಾನದ ಜೈಸಲ್ಮೇರ್ ಕಡೆ, ಥಾರ್ ಮರುಭೂಮಿಯ ಹುಲ್ಲು ನೆಲದಲ್ಲಿ ಮತ್ತು ಪೋಖ್ರಾನ್‌ನ ಸೇನೆ ಫೈರಿಂಗ್ ರೇಂಜ್ ಒಳಗೆ. ಗುಜರಾತಿನ ಕಛ್‌ನಲ್ಲಿ ಕೆಲವು ಹೆಣ್ಣು ಹಕ್ಕಿ ಇವೆ, 2018 ರ ನಂತರ ಗಂಡೇ ಕಂಡಿಲ್ಲ. ಮಹಾರಾಷ್ಟ್ರದ ನಾನಜ್ ಕಡೆ, ಆಂಧ್ರದ ರೋಳಪಾಡು ಕಡೆ ಎಲ್ಲಾ ಹತ್ತತ್ರ ಮುಗಿದ ಕಥೆ. ನಮ್ಮಲ್ಲಿ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು.

ಒಂದು ಕಾಲದಲ್ಲಿ ಇದನ್ನ ರಾಷ್ಟ್ರಪಕ್ಷಿ ಮಾಡ್ಬೇಕು ಅಂತ ಪಕ್ಷಿತಜ್ಞ ಸಲೀಂ ಅಲಿಯವರೇ ಪಟ್ಟು ಹಿಡಿದಿದ್ರು. 1963 ರಲ್ಲಿ ನವಿಲು ಆಯ್ತು. ಬಸ್ಟರ್ಡ್ ಅನ್ನೋ ಇಂಗ್ಲಿಷ್ ಹೆಸರಿನ ಸ್ಪೆಲಿಂಗ್ ತಪ್ಪಿದ್ರೆ ಬೈಗುಳ ಆಗಿಬಿಡುತ್ತೆ ಅನ್ನೋ ಅಂಜಿಕೆಯೂ ಒಂದು ಕಾರಣ ಅಂತ ಹೇಳ್ತಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ, ಯಾಕಂದ್ರೆ ಯಾವ ಪ್ರಾಣಿ ಮುಖ್ಯ ಅನ್ನೋದನ್ನ ನಾವು ಎಂಥೆಂಥ ಕಾರಣಕ್ಕೆಲ್ಲ ತೀರ್ಮಾನ ಮಾಡ್ತೀವಿ ಅಂತ ಅಲ್ಲೇ ಕಾಣುತ್ತೆ.

ಸಾಯ್ತಿರೋದು ಯಾಕೆ? ಹಿಂದೆ ಬೇಟೆ, ಜೀಪ್ ಮೇಲೆ ಬಂದೂಕು ಹಿಡ್ಕೊಂಡು ಹೋಗ್ತಿದ್ದ ಕಾಲ. ಆಮೇಲೆ ನೆಲ ಹೋಯ್ತು. ಈ ಹಕ್ಕಿ ಗೂಡು ಕಟ್ಟಲ್ಲ, ಬರೀ ನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತೆ, ಅದನ್ನ ನರಿ, ನಾಯಿ, ಉಡ ತಿನ್ನದೆ ಬಿಟ್ರೆ ಮರಿ. ಕಾಲುವೆ ಬಂತು, ಬೋರ್‌ವೆಲ್ ಬಂತು, ಜೋಳ ಕಡಲೆ ಇದ್ದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂತು, ಔಷಧ ಹೊಡೆದು ಹುಳ ಸತ್ತು ಇದಕ್ಕೆ ತಿನ್ನೋಕಿಲ್ಲ. ತುಂಗಭದ್ರಾ ನೀರು ಸಿರುಗುಪ್ಪಕ್ಕೆ ಭತ್ತದ ಹೆಸರು ತಂದುಕೊಟ್ಟಿದೆ, ಅದರಿಂದ ಸಾವಿರಾರು ಮನೆ ಉದ್ಧಾರ ಆಗಿದೆ, ನಮ್ಮ ಮಾವನ ಅಣ್ಣಂದಿರ ಮನೇನೂ ಅದರಲ್ಲೊಂದು, ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಭತ್ತದ ಗದ್ದೆಯಲ್ಲಿ ಎರೆಭೂತ ಬದುಕಲ್ಲ. ಹೆಸರಲ್ಲೇ ಎರೆ ಇದೆಯಲ್ಲ, ಒಣ ಎರೆ ಬೇಕು ಅದಕ್ಕೆ.

ಈಗ ದೊಡ್ಡ ಕೊಲೆಗಾರ ಅಂದ್ರೆ ತಂತಿ. ಈ ಜಾತಿಯ ಹಕ್ಕಿಗಳಿಗೆ ಕಣ್ಣು ತಲೆಯ ಪಕ್ಕಕ್ಕೆ ಇದೆ, ಸುತ್ತ ಚೆನ್ನಾಗಿ ಕಾಣುತ್ತೆ, ಎದುರಿಗೆ ಮಾತ್ರ ಕಾಣೋ ಜಾಗ ಬಹಳ ಕಿರಿದು. ಹಾರ್ತಾ ಕೆಳಗೆ ನೆಲ ನೋಡೋಕೆ ತಲೆ ಸ್ವಲ್ಪ ಬಗ್ಗಿಸಿದ್ರೆ ಮುಂದಿರೋದು ಪೂರ್ತಿ ಕುರುಡು. ಕಂಡ ಮೇಲೂ ಆ ಭಾರಕ್ಕೆ ಗಕ್ಕನೆ ತಿರುಗೋಕಾಗಲ್ಲ, ಗಂಡು ಹಕ್ಕಿ 15 ಕೆಜಿ ತನಕ ತೂಗುತ್ತೆ. 2020 ರಲ್ಲಿ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದವರು ಲೆಕ್ಕ ಹಾಕಿ ಹೇಳಿದ್ದು, ಥಾರ್‌ನಲ್ಲಿ ಸುಮಾರು 128 ಹಕ್ಕಿ ಇದ್ದಲ್ಲಿ ವರ್ಷಕ್ಕೆ ಅಂದಾಜು 18 ತಂತಿಗೆ ಬಡಿದು ಸಾಯ್ತಿರಬಹುದು ಅಂತ. ವರ್ಷಕ್ಕೆ ಒಂದು ಮೊಟ್ಟೆ ಇಡೋ ಹಕ್ಕಿಗೆ ಅದು ತಡೆಯೋ ಲೆಕ್ಕ ಅಲ್ಲ. ಮಾವ ಅವತ್ತು ನನ್ನ ಕೈ ಹಿಡ್ಕೊಂಡಿದ್ದಕ್ಕೆ ಈ ಲೆಕ್ಕ ಗೊತ್ತಿರಬೇಕಿರ್ಲಿಲ್ಲ, ಅವರು ಕಣ್ಣಲ್ಲೇ ನೋಡಿದಾರೆ.

ಈಗ ಮಾವನ ಪ್ರಶ್ನೆಗೆ ಬರ್ತೀನಿ. ಇದೇ ಯಾಕೆ?

ಈ ಪ್ರಶ್ನೆ ಕೇಳಿದ ತಕ್ಷಣ ಪ್ರಾಣಿಪ್ರಿಯರಿಗೆ ಸಿಟ್ಟು ಬರುತ್ತೆ, ನನಗೂ ಬಂದಿತ್ತು. ಎಲ್ಲಾ ಜೀವಾನೂ ಉಳಿಸ್ಬೇಕು, ಆರಿಸೋಕೆ ನಾವ್ಯಾರು ಅಂತೀವಿ. ಮಾತು ಸರಿ. ಆದ್ರೆ 2002, 2003 ರ ಬರ ನೆನಪಿರೋರಿಗೆ ಇದು ಗೊತ್ತಿರುತ್ತೆ. ನಮ್ಮನೇಲಿ ಆಗ ನಾಲ್ಕು ದನ ಇದ್ವು, ಎರಡೆತ್ತು, ಒಂದು ಕರೆಯೋ ಹಸು, ಒಂದು ಕಡಸು. ಬಣವೆ ಅರ್ಧ ಮುಗಿದಿತ್ತು. ಅಪ್ಪ ಒಂದು ಸಂಜೆ ಬಣವೆ ಸುತ್ತ ಒಂದು ರೌಂಡ್ ಹಾಕಿ, ಕೈಯಲ್ಲೇ ಮೊಳ ಹಾಕಿ ಅಳೆದು, ಮೇವು ಇರೋದು ಇಷ್ಟೇ ಅಂದ್ರು. ಮರು ವಾರ ವಯಸ್ಸಾದ ಎತ್ತು ಸಂತೆಗೆ ಹೋಯ್ತು. ಅಮ್ಮ ಎರಡು ದಿನ ಊಟ ಸರಿ ಮಾಡ್ಲಿಲ್ಲ, ಆ ಎತ್ತು ಅವರು ಮದುವೆ ಆಗಿ ಬಂದ ಹೊಸತರಲ್ಲಿ ಮನೆಗೆ ಬಂದಿದ್ದು. ಅಪ್ಪನಿಗೆ ಅದರ ಮೇಲೆ ಪ್ರೀತಿ ಕಮ್ಮಿ ಇತ್ತು ಅಂತಲ್ಲ. ನಾಲ್ಕಕ್ಕೂ ಸಮನಾಗಿ ಹಾಕಿದ್ರೆ ಮೃಗಶಿರಾ ಮಳೆ ಬರೋದರೊಳಗೆ ನಾಲ್ಕೂ ಸಾಯ್ತಿದ್ವು. ಕಡಸು ಉಳೀತು, ಅದರ ಕರುಗಳಿಂದ ಮನೆ ಮತ್ತೆ ಎದ್ದಿತು.

ಅಪ್ಪ ಆವತ್ತು ಮನಸಲ್ಲೇ ಕೇಳ್ಕೊಂಡಿರೋ ಪ್ರಶ್ನೆಗಳನ್ನೇ ವಿಜ್ಞಾನಿಗಳು ಕಾಗದದ ಮೇಲೆ ಹಾಕಿದಾರೆ. ನ್ಯೂಜಿಲೆಂಡ್‌ನಲ್ಲಿ ಇದಕ್ಕೊಂದು ಲೆಕ್ಕ ಬಳಸ್ತಾರೆ, ಆಸ್ಟ್ರೇಲಿಯಾದ ಹ್ಯೂ ಪಾಸಿಂಗ್‌ಹ್ಯಾಮ್ ಮತ್ತೆ ಜೊತೆಯವರು 2009 ರಲ್ಲಿ ಪ್ರಕಟಿಸಿದ್ದು. ಈ ಜೀವಿಗೆ ದುಡ್ಡು ಹಾಕಿದ್ರೆ ಅದು ಉಳಿಯೋ ಸಾಧ್ಯತೆ ಎಷ್ಟು ಜಾಸ್ತಿ ಆಗುತ್ತೆ, ಆ ಕೆಲಸ ಯಶಸ್ವಿ ಆಗೋ ಸಂಭವ ಎಷ್ಟು, ಆ ಜೀವಿಗೆ ಇರೋ ವಿಶೇಷ ತೂಕ ಎಷ್ಟು, ಈ ಮೂರನ್ನೂ ಗುಣಿಸಿ ಖರ್ಚಿಂದ ಭಾಗಿಸೋದು. ಲಂಡನ್ನಿನ ಝೂವಲಾಜಿಕಲ್ ಸೊಸೈಟಿಯವರದ್ದು ಬೇರೆ ದಾರಿ, 2007 ರಿಂದ ಎಡ್ಜ್ ಅಂತ ಒಂದು ಪಟ್ಟಿ ಮಾಡ್ತಾರೆ, ಯಾವ ಜೀವಿಗೆ ಭೂಮಿ ಮೇಲೆ ಹತ್ತಿರದ ನೆಂಟರೇ ಇಲ್ಲವೋ, ಅದು ಹೋದ್ರೆ ಜೀವವೃಕ್ಷದ ಒಂದು ದೊಡ್ಡ ಕೊಂಬೆಯೇ ಮುರಿದು ಬೀಳುತ್ತೋ ಅದಕ್ಕೆ ಮೊದಲ ಸ್ಥಾನ. ಎರಡೂ ದಾರಿ ಇಟ್ಕೊಂಡು ನೋಡಿದ್ರೂ ಒಂದಂತೂ ಸ್ಪಷ್ಟ, ಚೆಂದ ಇದೆ, ದೊಡ್ಡದಿದೆ, ಟೀವಿಯಲ್ಲಿ ಬರುತ್ತೆ ಅನ್ನೋದಕ್ಕೆ ಅಲ್ಲಿ ಮಾರ್ಕ್ಸ್ ಇಲ್ಲ.

ನಮ್ಮ ದೇಶದಲ್ಲಿ ಹೆಚ್ಚಿನ ದುಡ್ಡು ಹೋಗೋದು ಆ ಮಾರ್ಕ್ಸ್‌ಗೇ. 1973 ರಲ್ಲಿ ಹುಲಿ ಯೋಜನೆ ಶುರುವಾದಾಗ ನಮ್ಮ ಬಂಡೀಪುರ ಮೊದಲ ಒಂಬತ್ತರಲ್ಲಿ ಒಂದು, ಅದರಿಂದ ಹುಲಿ ಉಳೀತು, ಹುಲಿ ಜೊತೆ ಕಾಡು, ಕಾಡಿನ ಜೊತೆ ನದಿ ಉಳೀತು, ಅದರ ಬಗ್ಗೆ ನನಗೆ ಹೆಮ್ಮೆನೇ ಇದೆ. ಆದ್ರೆ ಕಾವೇರಿಯ ಗೂನು ಬೆನ್ನಿನ ಮಹಶೀರ್ ಮೀನು ನೋಡಿ. ಜಗತ್ತಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ರೆ ಎಲ್ಲೂ ಇಲ್ಲ, ಅದೂ ತೀವ್ರ ಅಪಾಯದ ಪಟ್ಟಿಯಲ್ಲೇ ಇದೆ, 2018 ರ ತನಕ ಅದಕ್ಕೊಂದು ಸರಿಯಾದ ವೈಜ್ಞಾನಿಕ ಹೆಸರೂ ಗಟ್ಟಿಯಾಗಿರ್ಲಿಲ್ಲ. ಕಡಪಾ ಕಡೆಯ ಜೆರ್ಡನ್ ಕೋರ್ಸರ್ ಅನ್ನೋ ಹಕ್ಕಿ 1900 ರಿಂದ ಕಾಣದೆ, ಇಲ್ಲ ಅಂತಲೇ ಅನ್ಕೊಂಡಿದ್ದು 1986 ರಲ್ಲಿ ಲಂಕಮಲ ಕುರುಚಲು ಕಾಡಲ್ಲಿ ಮತ್ತೆ ಸಿಕ್ತು. ಸಣ್ಣದು, ಮಣ್ಣಿನ ಬಣ್ಣ, ರಾತ್ರಿ ಓಡಾಡೋದು. ಎಷ್ಟು ಜನ ಕೇಳಿದಾರೆ ಅದರ ಹೆಸರು? ಮಾವ ಕೇಳಿದ್ದು ಇದನ್ನೇ, ಅವರಿಗೆ ಈ ಹೆಸರುಗಳು ಗೊತ್ತಿರ್ಲಿಲ್ಲ ಅಷ್ಟೆ.

ಹಾಗಾದ್ರೆ ಎರೆಭೂತಕ್ಕೆ ಮೇವು ಹಾಕೋದು ಸರೀನಾ? ಸರಿ ಅಂತ ನನ್ನ ತೀರ್ಮಾನ. ಅಪ್ಪನ ಹಾಗೆ ಒಂದೊಂದಾಗಿ ನೋಡಿದಾಗ ನನಗೆ ಸಿಕ್ಕಿದ್ದು ಇದು.

ಇದು ಭಾರತದ್ದೇ ಹಕ್ಕಿ, ಪಾಕಿಸ್ತಾನದ ಗಡಿಯಾಚೆ ಒಂದಷ್ಟು ಓಡಾಡಬಹುದು ಅಷ್ಟೆ, ನಾವು ಕೈ ಬಿಟ್ರೆ ಬೇರೆ ಯಾರೂ ಉಳಿಸೋಕೆ ಇಲ್ಲ. ಆಫ್ರಿಕಾದಿಂದ 2022 ರಲ್ಲಿ ತಂದ ಚೀತಾ ಆ ಖಂಡದಲ್ಲಿ ಇನ್ನೂ ಸಾವಿರಾರು ಇವೆ, ಇದಕ್ಕೆ ಅಂಥ ಇನ್ನೊಂದು ಮನೆ ಇಲ್ಲ. ಆಮೇಲೆ, ಯಾಕೆ ಸಾಯ್ತಿದೆ ಅಂತ ಗೊತ್ತಿದೆ. ಎಷ್ಟೋ ಕಪ್ಪೆ ಜಾತಿಗಳು ಫಂಗಸ್ ರೋಗದಿಂದ ಹೋಗ್ತಿವೆ, ಅದಕ್ಕೆ ಕಾಡಲ್ಲಿ ಮದ್ದು ಹೊಡೆಯೋಕಾಗಲ್ಲ. ಇಲ್ಲಿ ಕಾರಣ ಕಣ್ಣಿಗೆ ಕಾಣೋ ತಂತಿ, ಯಾವ ಲೈನ್, ಎಷ್ಟು ಕಿಲೋಮೀಟರ್, ಯಾವ ಹಳ್ಳಿ ಅಂತ ಮ್ಯಾಪ್ ಮಾಡಿ ಇಟ್ಟಿದಾರೆ. ತೆಗೀಬಹುದಾದ ಕಾರಣ ಅದು.

ಇದರ ಜೊತೆಗೆ ಏನೇನು ಉಳಿಯುತ್ತೆ ಅನ್ನೋದು ನನಗೆ ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಕಾಡು ಅಂದ್ರೆ ಮರ, ಮರ ಇಲ್ಲ ಅಂದ್ರೆ ಪಾಳು ಭೂಮಿ. ಹುಲ್ಲುಗಾವಲನ್ನ ಸರ್ಕಾರದ ವೇಸ್ಟ್‌ಲ್ಯಾಂಡ್ ಪಟ್ಟಿಗೇ ಸೇರಿಸಿಬಿಟ್ಟಿದಾರೆ. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹೋಗಿದ್ದು ಹಂಗೇ, ಖಾಲಿ ಜಾಗ ಅಂತ. ಅಲ್ಲಿ ಶತಮಾನಗಳಿಂದ ಕುರಿ ದನ ಮೇಯ್ತಿದ್ವು, ಕೃಷ್ಣಮೃಗ ಇತ್ತು, ತೋಳ ಇತ್ತು, ಖಾಲಿ ಎಲ್ಲಿತ್ತು? ಎರೆಭೂತಕ್ಕೆ ಜಾಗ ಉಳಿಸಿದ್ರೆ ಆ ನೆಲದ ತೋಳ, ನರಿ, ಚಳಿಗಾಲಕ್ಕೆ ದೂರ ದೇಶದಿಂದ ಬರೋ ಹ್ಯಾರಿಯರ್ ಗಿಡುಗ, ಲೆಸ್ಸರ್ ಫ್ಲೋರಿಕನ್ ಅನ್ನೋ ಅದರದ್ದೇ ಚಿಕ್ಕ ನೆಂಟ, ಕುರಿಗಾರರ ಮೇವು, ಎಲ್ಲಾ ಒಂದೇ ಏಟಿಗೆ ಉಳಿಯುತ್ತೆ. ಹುಲಿ ಕಾಡಿಗೆ ಮಾಡಿದ್ದನ್ನ ಹುಲ್ಲಿಗೆ ಮಾಡಬಲ್ಲ ಜೀವ ಅಂದ್ರೆ ಇದೊಂದೇ ಅಂತ ನನ್ನ ನಂಬಿಕೆ.

ವಿರುದ್ಧ ಬೀಳೋ ಅಂಕಗಳೂ ಇವೆ. ಖರ್ಚು ಜಾಸ್ತಿ, ವರ್ಷಕ್ಕೊಂದು ಮೊಟ್ಟೆ ಅಂದ್ರೆ ಫಲ ಕಾಣೋಕೆ ಹತ್ತಿಪ್ಪತ್ತು ವರ್ಷ ಬೇಕು. ಇಷ್ಟು ಕಮ್ಮಿ ಹಕ್ಕಿ ಉಳಿದಾಗ ರಕ್ತಸಂಬಂಧದೊಳಗೇ ಮರಿ ಆಗಿ ಬಲ ಕುಗ್ಗೋ ಭಯ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದು 1982 ರಲ್ಲಿ 22 ಕ್ಕೆ ಇಳಿದಿತ್ತು, 1987 ರಲ್ಲಿ ಉಳಿದಿದ್ದನ್ನೆಲ್ಲ ಹಿಡಿದು ಪಂಜರದಲ್ಲಿ ಮರಿ ಮಾಡಿಸಿ ಈಗ 500 ದಾಟಿಸಿದಾರೆ. ದೊಡ್ಡ ಸಾಧನೆ. ಆದ್ರೆ ಹೊರಗೆ ಬಿಟ್ಟ ಹಕ್ಕಿ ಇವತ್ತಿಗೂ ಬೇಟೆಗಾರರ ಸೀಸದ ಗುಂಡಿನ ಚೂರು ತಿಂದು ಸಾಯ್ತಿದೆ, ಹಿಡಿದು ರಕ್ತ ಶುದ್ಧ ಮಾಡಿ ಮತ್ತೆ ಬಿಡ್ತಾನೇ ಇರ್ಬೇಕು. ಸಾಯೋ ಕಾರಣ ತೆಗೀದೆ ಮರಿ ಮಾಡಿಸ್ತಾ ಹೋದ್ರೆ ತಳ ಒಡೆದ ಕೊಡಕ್ಕೆ ನೀರು ಹುಯ್ದ ಹಾಗೆ.

ನಮ್ಮಲ್ಲಿ ಮರಿ ಮಾಡಿಸೋ ಕೆಲಸ ಚೆನ್ನಾಗೇ ನಡೀತಿದೆ, ಅದನ್ನ ಖುಷಿಯಿಂದ ಹೇಳ್ತೀನಿ. 2018 ರಲ್ಲಿ ಕೇಂದ್ರ ಸರ್ಕಾರ, ರಾಜಸ್ಥಾನ ಮತ್ತೆ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಒಪ್ಪಂದ ಮಾಡ್ಕೊಂಡ್ರು, 2019 ರಲ್ಲಿ ಜೈಸಲ್ಮೇರ್ ಹತ್ರ ಸಮ್ ಅನ್ನೋ ಊರಲ್ಲಿ ಮರಿ ಮಾಡಿಸೋ ಕೇಂದ್ರ ಶುರುವಾಯ್ತು, ಅಬುಧಾಬಿಯಲ್ಲಿ ಹೂಬಾರಾ ಅನ್ನೋ ಇನ್ನೊಂದು ಬಸ್ಟರ್ಡ್ ಸಾಕೋ ಸಂಸ್ಥೆಯವರ ಅನುಭವ ತಗೊಂಡು. ಹೊಲ ಹುಲ್ಲಲ್ಲಿ ಸಿಕ್ಕ ಮೊಟ್ಟೆ ತಂದು ಕಾವು ಕೊಟ್ಟು ಮರಿ ಮಾಡಿದ್ರು. 2023 ರಲ್ಲಿ ಆ ಮರಿಗಳೇ ದೊಡ್ಡವಾಗಿ ಜೋಡಿಯಾಗಿ ಮೊದಲ ಮರಿ ಬಂತು, 2024 ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಆಯ್ತು, ರಾಮದೇವ್ರಾದಲ್ಲಿರೋ ಇನ್ನೊಂದು ಕೇಂದ್ರದ ಗಂಡು, ಸಮ್ ಕೇಂದ್ರದ ಹೆಣ್ಣು. ಈಗ ಎರಡೂ ಕಡೆ ಸೇರಿ ಹಕ್ಕಿಗಳ ಸಂಖ್ಯೆ 60 ದಾಟಿದೆ. ಆದ್ರೆ ಮನುಷ್ಯರ ಕೈಯಲ್ಲಿ ಬೆಳೆದ ಮರಿ ಮನುಷ್ಯರನ್ನೇ ತಾಯಿ ಅನ್ಕೊಳ್ಳುತ್ತೆ, ಹೊರಗೆ ಬಿಟ್ರೆ ನಾಯಿ ನರಿಗೆ ಹೆದರೋಕೂ ಬರಲ್ಲ, ಹಾಗಾಗಿ ಹೊರಗೆ ಬಿಡೋ ಕೆಲಸ ಮುಂದಿನ ತಲೆಮಾರಿನ ಮರಿಗಳಿಂದ. ಅವು ತಯಾರಾದಾಗ ಬಿಡೋಕೆ ತಂತಿ ಇಲ್ಲದ ನೆಲ ಎಲ್ಲಿ?

ಈ ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯ್ತು. ವನ್ಯಜೀವಿ ಸಂರಕ್ಷಕ ಎಂ.ಕೆ. ರಂಜಿತ್‌ಸಿನ್ಹ್ ಅವರ ಅರ್ಜಿ ಮೇಲೆ 2021 ರ ಏಪ್ರಿಲ್‌ನಲ್ಲಿ ಕೋರ್ಟ್, ಸುಮಾರು 99,000 ಚದರ ಕಿ.ಮೀ. ಪ್ರದೇಶದಲ್ಲಿ ಕಮ್ಮಿ ವೋಲ್ಟೇಜ್ ಲೈನ್ ನೆಲದಡಿ ಹಾಕಿ, ಹೆಚ್ಚಿನ ವೋಲ್ಟೇಜ್‌ದು ಸಾಧ್ಯವಿದ್ದ ಕಡೆ ಹಾಕಿ ಅಂತು. ಸೋಲಾರ್‌ಗೆ ದೇಶದಲ್ಲೇ ಒಳ್ಳೆ ಬಿಸಿಲು ಇರೋ ಜಾಗವೂ ಅದೇ. ಸರ್ಕಾರ ವಾಪಸ್ ಹೋಗಿ, ಇದು ಆಗದ ಕೆಲಸ, 2030 ಕ್ಕೆ 500 ಗಿಗಾವ್ಯಾಟ್ ಕಲ್ಲಿದ್ದಲು, ತೈಲ, ಗ್ಯಾಸ್ ಇಲ್ಲದ ವಿದ್ಯುತ್ ಸಾಮರ್ಥ್ಯ ಮಾಡ್ತೀವಿ ಅಂತ ಜಗತ್ತಿಗೆ ಮಾತು ಕೊಟ್ಟಿದೀವಿ ಅಂತು. 2024 ರ ಮಾರ್ಚ್‌ನಲ್ಲಿ ಕೋರ್ಟ್ ಹಳೇ ಆದೇಶ ಸಡಿಲ ಮಾಡಿ ತಜ್ಞರ ಸಮಿತಿ ಹಾಕ್ತು, ಅದೇ ತೀರ್ಪಲ್ಲಿ ಹವಾಮಾನ ಬದಲಾವಣೆಯ ಕೆಡುಕಿಂದ ರಕ್ಷಣೆ ಪಡೆಯೋದು ನಾಗರಿಕರ ಹಕ್ಕು ಅಂತಾನೂ ಹೇಳ್ತು. 2025 ರ ಡಿಸೆಂಬರ್‌ನಲ್ಲಿ ಸಮಿತಿ ಮಾತು ಒಪ್ಕೊಂಡು ರಾಜಸ್ಥಾನದಲ್ಲಿ 14,013 ಚದರ ಕಿ.ಮೀ., ಗುಜರಾತ್‌ನಲ್ಲಿ 740 ಚದರ ಕಿ.ಮೀ. ಆದ್ಯತೆ ಪ್ರದೇಶ ಅಂತ ಗೆರೆ ಎಳೀತು.

ಗೆರೆ ಚಿಕ್ಕದಾಯ್ತು ಅಂತ ನನ್ನ ಗೆಳೆಯರಲ್ಲಿ ಬೇಜಾರಿದೆ. ನನಗೂ 99,000 ಇದ್ದಿದ್ರೆ ಅನ್ಸುತ್ತೆ. ಆದ್ರೆ 2021 ರ ಆದೇಶ ಅಷ್ಟೂ ವಿಸ್ತಾರಕ್ಕೆ ಇದ್ದು ನೆಲದ ಮೇಲೆ ಎಷ್ಟು ತಂತಿ ಕೆಳಗಿಳೀತು ಅಂತ ನೋಡಿದ್ರೆ, ಇದ್ದ ಬಣವೆಯನ್ನ ಕಡಸಿಗೆ ಹಾಕೋ ಹಾಗೆ ಹಕ್ಕಿ ಮೊಟ್ಟೆ ಇಡೋ ಜಾಗದಲ್ಲಿ ನಿಜವಾಗ್ಲೂ ಮಾಡಿದ್ರೆ ಸಾಕು ಅಂತಾನೂ ಅನ್ಸುತ್ತೆ. ಮಾಡ್ಬೇಕು ಅಷ್ಟೆ. ತಡ ಆದ್ರೆ ಏನಾಗುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾದ ಕ್ರಿಸ್‌ಮಸ್ ದ್ವೀಪದ ಒಂದು ಪುಟ್ಟ ಬಾವಲಿ ಇದೆ, ಅಲ್ಲ, ಇತ್ತು. ಹಿಡಿದು ಸಾಕಿ ಮರಿ ಮಾಡಿಸೋಣ ಅಂತ ವಿಜ್ಞಾನಿಗಳು ವರ್ಷಗಟ್ಟಲೆ ಕೇಳಿದ್ರು. ಒಪ್ಪಿಗೆ ಬಂದಿದ್ದು 2009 ರ ಜುಲೈನಲ್ಲಿ. ಹಿಡಿಯೋಕೆ ಹೋದ್ರೆ ಕೈಗೆ ಒಂದೂ ಸಿಗ್ಲಿಲ್ಲ, 2009 ರ ಆಗಸ್ಟ್ 26 ರ ರಾತ್ರಿ ಮಷಿನ್‌ನಲ್ಲಿ ಒಂದೇ ಒಂದು ಬಾವಲಿಯ ಸದ್ದು ಕೇಳಿಸ್ತು, ಮರುದಿನದಿಂದ ಇಲ್ಲ. ನಮ್ಮ ಹಕ್ಕಿಗೂ 2012 ರಲ್ಲೇ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿತ್ತು, ಮೊದಲ ಮೊಟ್ಟೆಗೆ ಕಾವು ಕೊಟ್ಟಿದ್ದು 2019 ರಲ್ಲಿ. ಆ ಏಳು ವರ್ಷದಲ್ಲಿ ಹೋದ ಹಕ್ಕಿಗಳು ಇವತ್ತು ಇದ್ದಿದ್ರೆ ಅನ್ನೋ ಯೋಚನೆ ನನಗೆ ರಾತ್ರಿ ಹೊತ್ತು ಬರುತ್ತೆ.

ಇಷ್ಟೆಲ್ಲ ಆದ್ಮೇಲೆ ಕಷ್ಟದ ಪ್ರಶ್ನೆ. ಥಾರ್‌ಗೆ ಮೇವು ಸರಿ. ಸಿರುಗುಪ್ಪಕ್ಕೆ?

ಬೆರಳೆಣಿಕೆಯ ಹಕ್ಕಿ. ಗಂಡೆಷ್ಟು ಹೆಣ್ಣೆಷ್ಟು ಅನ್ನೋದರ ಮೇಲೆ ಅವುಗಳ ಹಣೆಬರಹ. ನ್ಯೂಜಿಲೆಂಡ್ ಲೆಕ್ಕ ಹಾಕಿದ್ರೆ ಯಶಸ್ಸಿನ ಸಂಭವ ಅನ್ನೋ ಜಾಗದಲ್ಲಿ ಬಹಳ ಸಣ್ಣ ನಂಬರ್ ಬೀಳುತ್ತೆ. ಕೆಲವು ಗೆಳೆಯರು ನೇರವಾಗಿ ಹೇಳ್ತಾರೆ, ಇದ್ದ ಹಕ್ಕಿ ಹಿಡಿದು, ಇಲ್ಲಾ ಮೊಟ್ಟೆ ತಗೊಂಡು ಜೈಸಲ್ಮೇರ್‌ಗೆ ಕಳಿಸಿ, ರಕ್ತಕ್ಕೆ ಹೊಸತನ ಬರುತ್ತೆ, ಇಲ್ಲಿ ಕೈ ಬಿಡಿ ಅಂತ. ಇನ್ನು ಕೆಲವರು ಇಲ್ಲೇ ಕೋಟಿಗಟ್ಟಲೆ ಹಾಕಿ ದೊಡ್ಡ ಕೇಂದ್ರ ಕಟ್ಟಿ, ಹೊಲಗಳನ್ನ ಸೇರಿಸಿ ಅಭಯಾರಣ್ಯ ಮಾಡಿ ಅಂತಾರೆ. ನಾನು ಎರಡೂ ಕಡೆ ಇಲ್ಲ.

ಅಭಯಾರಣ್ಯದ ಪಾಠ ನಮಗೆ ಆಗಿದೆ. ಮಧ್ಯಪ್ರದೇಶದ ಕರೇರಾದಲ್ಲಿ 1981 ರಲ್ಲಿ ಇದೇ ಹಕ್ಕಿಗೆ ಅಂತ ಅಭಯಾರಣ್ಯ ಮಾಡಿದ್ರು. ಒಳಗೆ ರೈತರ ಜಮೀನು, ಮಾರೋ ಹಾಗಿಲ್ಲ, ಕೊಳ್ಳೋ ಹಾಗಿಲ್ಲ. ರಕ್ಷಣೆಯಿಂದ ಕೃಷ್ಣಮೃಗ ಹೆಚ್ಚಾಗಿ ಬೆಳೆ ತಿಂದ್ವು, ಜನ ರೊಚ್ಚಿಗೆದ್ರು, ಹಕ್ಕಿ ಇರೋದ್ರಿಂದಲೇ ಈ ಕಷ್ಟ ಅಂತ ಹಕ್ಕಿ ಮೇಲೇ ದ್ವೇಷ ಬೆಳೀತು. 1990 ರ ದಶಕದ ಮಧ್ಯಕ್ಕೆ ಅಲ್ಲಿ ಹಕ್ಕಿ ಇಲ್ಲ, ಜಮೀನು ನಿರ್ಬಂಧ ಮಾತ್ರ ಅದಾದ ಮೇಲೂ ಎಷ್ಟೋ ವರ್ಷ ಹಂಗೇ ಇತ್ತು. ನಮ್ಮ ರಾಣೆಬೆನ್ನೂರಲ್ಲಿ 1974 ರಲ್ಲಿ 119 ಚದರ ಕಿ.ಮೀ. ಅಭಯಾರಣ್ಯ ಆಯ್ತು, ಆಗ ಎರೆಭೂತವೂ ಅಲ್ಲಿತ್ತು, ಬಯಲೆಲ್ಲ ನೀಲಗಿರಿ ತೋಪು ತುಂಬಿತು, ಕೃಷ್ಣಮೃಗ ಹೊಂದಿಕೊಂಡ್ವು, ಎರೆಭೂತ ಹೋಯ್ತು. ಮರ ಇದ್ರೆ ಕಾಡು ಅನ್ನೋ ಮನಸ್ಸು ಹುಲ್ಲಿನ ಹಕ್ಕಿಯನ್ನ ಹೊರಗೆ ಹಾಕ್ತು. ಮಹಾರಾಷ್ಟ್ರದ ನಾನಜ್‌ನಲ್ಲಿ 1979 ರಲ್ಲಿ 8,000 ಚದರ ಕಿ.ಮೀ.ಗೂ ಮೀರಿದ ಅಭಯಾರಣ್ಯ ಘೋಷಿಸಿದ್ರು, ಊರು ಪಟ್ಟಣ ಎಲ್ಲಾ ಒಳಗೇ, ಕೊನೆಗೆ 2012 ರಲ್ಲಿ 1,222 ಕ್ಕೆ ಇಳಿಸಬೇಕಾಯ್ತು. ಹಾಗಾಗಿ ಕಂಡಿಲ್ಲ ಅನ್ನು ಅಂತ ಮಾವ ಅಂದಿದ್ದು ಅಜ್ಞಾನ ಅಲ್ಲ, ಅವರು ಕರೇರಾ ಹೆಸರು ಕೇಳದೇನೇ ಕರೇರಾ ಅರ್ಥ ಮಾಡ್ಕೊಂಡಿದಾರೆ.

ನನ್ನ ತೀರ್ಮಾನ ಹೀಗೆ. ದೊಡ್ಡ ದುಡ್ಡು ಮೊದಲು ಥಾರ್‌ನ ತಂತಿಗೆ ಹೋಗ್ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ, ನಮ್ಮೂರಿನ ಪಕ್ಕದ ಹಕ್ಕಿ ಅಂತ ಸಿರುಗುಪ್ಪಕ್ಕೆ ಪಕ್ಷಪಾತ ಮಾಡಿದ್ರೆ ಎರಡೂ ಕಳ್ಕೋತೀವಿ. ಸಿರುಗುಪ್ಪದಲ್ಲಿ ಕಟ್ಟಡ ಬೇಡ, ಬೇಲಿ ಬೇಡ, ಜಮೀನು ವಶ ಮಾಡ್ಕೊಳ್ಳೋದು ಬೇಡವೇ ಬೇಡ. ಅಲ್ಲಿ ಬೇಕಿರೋದು ಸಣ್ಣ ದುಡ್ಡಿನ ಕೆಲಸ. ಹಕ್ಕಿ ಇಳಿಯೋ ಹತ್ತಿಪ್ಪತ್ತು ಹೊಲದ ಮೇಲಿನ ತಂತಿ ನೆಲಕ್ಕೆ ಇಳಿಸೋದು. ಎರೆಯಲ್ಲಿ ಜೋಳ ಕಡಲೆಯನ್ನೇ ಮುಂದುವರಿಸೋ ರೈತನಿಗೆ ಎಕರೆಗೆ ಇಷ್ಟು ಅಂತ ಕೊಡೋದು, ಮೊಟ್ಟೆ ಕಂಡ್ರೆ ಆ ತುಂಡು ಕೊಯ್ಲು ಮಾಡದೆ ಬಿಟ್ಟಿದ್ದಕ್ಕೆ ಪೂರ್ತಿ ಬೆಳೆ ಬೆಲೆ ಕೊಡೋದು. ಬೀದಿ ನಾಯಿ ಹತೋಟಿ ಮಾಡೋದು. ಗೋಮಾಳ ಬೀಳು ಏನು ಉಳಿದಿದೆಯೋ ಅದನ್ನ ಸೋಲಾರ್ ಪಾರ್ಕಿಗೋ ನೆಡುತೋಪಿಗೋ ಕೊಡದೆ ಹುಲ್ಲಾಗೇ ಬಿಡೋದು.

ಅಷ್ಟು ಮಾಡಿದ್ರೂ ಈ ಬೆರಳೆಣಿಕೆ ಹಕ್ಕಿ ಉಳೀದೇ ಹೋಗಬಹುದು. ಅದು ಗೊತ್ತಿದ್ದೇ ಹೇಳ್ತಿದೀನಿ. ಜೈಸಲ್ಮೇರ್‌ನ ಮರಿಗಳ ಮರಿ ಹೊರಗೆ ಬಿಡೋಕೆ ತಯಾರಾಗೋ ಹೊತ್ತಿಗೆ ದಕ್ಷಿಣದಲ್ಲಿ ಒಂದು ತುಂಡು ಎರೆ ನೆಲ ಜೋಳ, ಹುಲ್ಲು, ಹುಳದ ಜೊತೆ ಕಾಯ್ತಾ ಇರ್ಬೇಕು. ಎಲ್ಲಾ ಹಕ್ಕಿ ಒಂದೇ ಮರುಭೂಮಿಯಲ್ಲಿಟ್ಟು, ಅಲ್ಲೊಂದು ರೋಗ ಬಂದ್ರೆ, ಎರಡು ವರ್ಷ ಮಳೆ ಕೈಕೊಟ್ರೆ? ಬರದಲ್ಲಿ ಅಪ್ಪ ಎತ್ತು ಮಾರಿದ್ರು, ನೊಗ ಮಾರಲಿಲ್ಲ, ಕೊಟ್ಟಿಗೆ ಅಟ್ಟದ ಮೇಲೆ ಎಣ್ಣೆ ಸವರಿ ಇಟ್ಟಿದ್ರು.

ಮೊನ್ನೆ ಯುಗಾದಿಗೆ ಹೋದಾಗ ಇದನ್ನೆಲ್ಲ ಮಾವನ ಹತ್ರ ಹೇಳಿದೆ, ಊಟ ಆದ್ಮೇಲೆ ಕಟ್ಟೆ ಮೇಲೆ ಕೂತು. ಅರ್ಧ ಗಂಟೆ ಸುಮ್ನೆ ಕೇಳಿದ್ರು. ರಾಜಸ್ಥಾನದ ಕೋರ್ಟ್ ಕಥೆ ಅವರಿಗೆ ಅಷ್ಟು ಹಿಡಿಸ್ಲಿಲ್ಲ, ಕರೇರಾ ಕಥೆ ಬಂದಾಗ ಮಾತ್ರ ಎದ್ದು ಕೂತು "ನಾ ಏನಂದಿದ್ದೆ" ಅಂದ್ರು. ಕೊಯ್ಲು ಬಿಟ್ಟಿದ್ದಕ್ಕೆ ದುಡ್ಡು ಅನ್ನೋದನ್ನ ಎರಡು ಸಲ ಕೇಳಿ ತಿಳ್ಕೊಂಡ್ರು, ಯಾರು ಕೊಡ್ತಾರೆ, ಯಾವಾಗ ಕೊಡ್ತಾರೆ, ಬೆಳೆ ಪರಿಹಾರದ ಹಂಗೆ ವರ್ಷಗಟ್ಟಲೆ ಅಲೆದಾಡಿಸ್ತಾರಾ ಅಂತ. ಇನ್ನೂ ಯಾರೂ ಕೊಡ್ತಿಲ್ಲ ಮಾವಾ, ಕೊಡ್ಬೇಕು ಅಂತ ನಾವು ಕೇಳ್ಬೇಕು ಅಂದೆ.

ಅವರು ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಸುಮಾರು ಹೊತ್ತು ಹೊಲದ ದಿಕ್ಕಿಗೇ ನೋಡ್ತಿದ್ರು. ಆಮೇಲೆ, "ಈ ಸಲ ಕಡಲೆ ಕೀಳೋ ಮುಂದ ಎರಡು ಬಂದಿದ್ವು. ಒಂದು ಸಣ್ಣದಿತ್ತು. ಮರಿ ಇರಬೇಕು" ಅಂದ್ರು. ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲವಂತೆ, ಅತ್ತೆಗೂ.